ಎಡೆಯ ಕೋಣೆಯಲ್ಲಿ ಮುಕ್ಕಾಲು ಗಂಟೆ

ಸತ್ತವರು ಬಂದರು, ಮಾತಾಡಿದರು ಎಂಬ ಕಥೆಗಳನ್ನು ನಾನು ಯಾವತ್ತೂ ನಂಬಿದವನಲ್ಲ. ಈಗಲೂ ನಂಬುತ್ತೇನೆಂದು ಎದೆ ತಟ್ಟಿ ಹೇಳಲಾರೆ. ನನ್ನ ಕೆಲಸವೇ ಅಂಥದ್ದು. ಅಪಘಾತವಾದ ವಾಹನಗಳನ್ನು ನೋಡಿ ವಿಮಾ ಕಂಪನಿಗಳಿಗೆ ವರದಿ ಕೊಡುವ ಸರ್ವೇಯರ್ ನಾನು. ಲಾರಿಯೊಂದು ಸ್ಕೂಟರಿಗೆ ಗುದ್ದಿದ್ದನ್ನು ನಾಲ್ಕು ಜನ ನಾಲ್ಕು ಥರ ಹೇಳುವುದನ್ನು ಇಪ್ಪತ್ತೆರಡು ವರ್ಷದಿಂದ ಕೇಳುತ್ತಿದ್ದೇನೆ. ಎಲ್ಲರೂ ಕಣ್ಣಾರೆ ಕಂಡವರೇ, ಯಾರೂ ಬೇಕೆಂದು ಸುಳ್ಳು ಹೇಳುವವರಲ್ಲ, ಆದರೂ ಲಾರಿಯ ಬಣ್ಣವೇ ಒಬ್ಬೊಬ್ಬರಿಗೆ ಒಂದೊಂದು. ಹೀಗಾಗಿ ಯಾರಾದರೂ ಮೈ ಜುಮ್ಮೆನ್ನುವಂಥದ್ದನ್ನು ಹೇಳತೊಡಗಿದರೆ, ನೀವು ಆಗ ಎಲ್ಲಿ ನಿಂತಿದ್ದಿರಿ, ಬೆಳಕು ಹೇಗಿತ್ತು ಎಂದು ನನ್ನ ಬಾಯಿ ತಾನಾಗಿಯೇ ಕೇಳಿಬಿಡುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನನ್ನಷ್ಟು ಶ್ರದ್ಧೆಯಿಂದ ಪಾಲಿಸಿದವರು ಕಡಿಮೆ. ನನ್ನ ಹೆಂಡತಿ ಈ ಗುಣಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಾಲ್ಕು ವರ್ಷದ ಹಿಂದೆ ಮೈಸೂರಿನಲ್ಲಿ ನಡೆದದ್ದನ್ನು ಹೇಳುವ ಮೊದಲು ಒಂದು ಮಾತು. ನಾನು ಆ ಘಟನೆಯ ನಟ್ಟನಡುವೆ ಇದ್ದೆ. ಆದರೆ ನಾನು ಏನನ್ನೂ ಕಾಣಲಿಲ್ಲ, ಏನನ್ನೂ ಕೇಳಲಿಲ್ಲ. ನನಗೆ ಇವತ್ತಿಗೂ ವಿಚಿತ್ರವಾಗಿ ಕಾಣುವುದು ಅದೇ.

ನನ್ನ ಸೋದರತ್ತೆ ಗೌರಮ್ಮ ಅಗ್ರಹಾರದ ಒಂದು ಓಣಿಯಲ್ಲಿದ್ದಾರೆ. ಮಗ ಶಿವು, ಸೊಸೆ ಲತಾ, ಹೈಸ್ಕೂಲು ಓದುತ್ತಿದ್ದ ಮೊಮ್ಮಗಳು ಸಿಂಚನಾ, ಎಲ್ಲ ಒಟ್ಟಿಗೇ. ಅತ್ತೆಯ ಗಂಡ ನಂಜುಂಡಪ್ಪ ಮಾವ ಮಂಡಿ ಮೊಹಲ್ಲಾದ ಒಂದು ಸಗಟು ಕಾಗದದ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿದವರು. ಹೊಟ್ಟೆಪಾಡು ಕಾಗದದ್ದಾದರೂ ಅವರ ಜೀವವೆಲ್ಲ ಫುಟ್ಬಾಲಿನಲ್ಲಿತ್ತು. ಮಂಡಿಯ ಅಂಗಡಿಗಳವರೇ ಸೇರಿ ಕಟ್ಟಿಕೊಂಡಿದ್ದ ಒಂದು ಚಿಕ್ಕ ತಂಡ, ಅದಕ್ಕೆ ಮಾವ ಮೊದಲು ಆಟಗಾರ, ಆಮೇಲೆ ಮೈದಾನದ ಅಂಚಿನಲ್ಲಿ ಬಾವುಟ ಹಿಡಿದು ಓಡುವ ಲೈನ್ ರೆಫರಿ. ಆಫ್‌ಸೈಡ್ ಎಂದರೇನೆಂದು ನನಗೆ ಹತ್ತು ಸಲ ಹೇಳಿಕೊಟ್ಟಿದ್ದರು. ಅನ್ನದ ತಟ್ಟೆಯಲ್ಲೇ ಹಪ್ಪಳದ ಚೂರುಗಳನ್ನು ಜೋಡಿಸಿ ತೋರಿಸುತ್ತಿದ್ದರು. ನನ್ನ ತಲೆಗೆ ಮಾತ್ರ ಹತ್ತಲಿಲ್ಲ. ಅಪ್ಪ ಬೇಗ ಹೋಗಿಬಿಟ್ಟಿದ್ದರಿಂದ ನನ್ನ ಬೇಸಿಗೆ ರಜೆಗಳೆಲ್ಲ ಅತ್ತೆಯ ಮನೆಯಲ್ಲೇ ಕಳೆದವು, ಸೈಕಲ್ಲು ಕಲಿತದ್ದೂ ಮಾವ ಹಿಂದಿನಿಂದ ಹಿಡಿದುಕೊಂಡು ಓಡಿದ್ದರಿಂದ.

ಆ ವರ್ಷ ಶಿವರಾತ್ರಿ ಕಳೆದು ಎರಡು ವಾರಕ್ಕೆ ಮಾವ ತೀರಿಕೊಂಡರು. ಭಾನುವಾರ ಮಧ್ಯಾಹ್ನ ಪಂದ್ಯವಿತ್ತು. ಹೃದಯದ ತೊಂದರೆ ಇದೆ, ಬಿಸಿಲಿನಲ್ಲಿ ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದರು. ಅತ್ತೆ ಹೋಗಬೇಡಿ ಅಂದರು, ಮಾವ ಹೋಗಿಯೇ ಹೋಗುತ್ತೇನೆ ಅಂದರು. ಮಾತಿಗೆ ಮಾತು ಬೆಳೆದು ಬಡಿಸಿದ ತಟ್ಟೆಯ ಮುಂದಿನಿಂದ ಮಾವ ಎದ್ದುಬಿಟ್ಟರು. ಅತ್ತೆಗೂ ಸಿಟ್ಟು ನೆತ್ತಿಗೇರಿ, 'ಹೋಗಿ, ಅಲ್ಲೇ ಇದ್ದುಬುಡಿ' ಎಂದು ಹೇಳಿ ಹಿತ್ತಲಿಗೆ ಹೋದರು. ಮಾವ ರಾಜೀವನಗರದ ಕಡೆಯ ಆ ಮೈದಾನದಲ್ಲೇ, ದ್ವಿತೀಯಾರ್ಧ ಶುರುವಾಗುವ ಹೊತ್ತಿಗೆ, ಬಾವುಟ ಹಿಡಿದುಕೊಂಡೇ ಕುಸಿದರು. ಮನೆಗೆ ಜೀವ ಸಹಿತ ಬರಲಿಲ್ಲ.

ಹಸಿದುಕೊಂಡು ಹೋದರು, ನನ್ನ ಮೇಲೆ ಕೋಪ ಮಾಡಿಕೊಂಡೇ ಹೋದರು, ನಾನಾಡಿದ ಮಾತೇ ತಾಗಿತು. ಅತ್ತೆಯ ಮನಸ್ಸಿನಲ್ಲಿ ಉಳಿದದ್ದು ಈ ಮೂರೇ. ತಿಂಗಳುಗಟ್ಟಲೆ ಅತ್ತೆ ಮಧ್ಯಾಹ್ನದ ಊಟ ಮಾಡುತ್ತಿರಲಿಲ್ಲ. ಒತ್ತಾಯ ಮಾಡಿದರೆ ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದರು. ಲತಾ ನನಗೆ ಫೋನಿನಲ್ಲಿ ಹೇಳಿ ಅಳುತ್ತಿದ್ದಳು. ನಮ್ಮತ್ತೆ ಕಡ್ಡಿಯಾಗಿದ್ದರು.

ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವುದುಂಟು. ಹದಿನೈದು ದಿನದಲ್ಲಿ ಅನುಕೂಲವಾದ ಒಂದು ದಿನ ತೀರಿಕೊಂಡವರ ಫೋಟೋಗೆ ವಿಭೂತಿ ಹಚ್ಚಿ, ಹೂವು ಹಾಕಿ, ಅವರಿಗೆ ಇಷ್ಟವಾದ ತಿಂಡಿಯನ್ನೆಲ್ಲ ಮಾಡಿ ಎಲೆಯ ಮೇಲೆ ಬಡಿಸುತ್ತೇವೆ. ಹೊಸ ಬಟ್ಟೆ, ಎಲೆಅಡಿಕೆ, ಸೇದುವವರಾಗಿದ್ದರೆ ಬೀಡಿ, ಎಲ್ಲ ಇಡುತ್ತೇವೆ. ಧೂಪ ಹಾಕಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಬಿಡಬೇಕು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ಎದುರಿಗಿರಬಾರದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ, ಬಾಗಿಲು ತೆಗೆಯುವುದು. ಆಮೇಲೆ ನಮ್ಮ ಊಟ. ಚಿಕ್ಕಂದಿನಲ್ಲಿ ನನಗೆ ಇದರಲ್ಲಿ ಒಂದೇ ಒಂದು ಆಸಕ್ತಿ, ಬಾಗಿಲು ಯಾವಾಗ ತೆಗೆಯುತ್ತಾರೆ ಎಂಬುದು.

ಮಾವನ ಮೊದಲ ಎಡೆಗೆ ಬರಲೇಬೇಕೆಂದು ಅತ್ತೆಯೇ ಫೋನು ಮಾಡಿದ್ದರು. ಹೆಂಡತಿಗೆ ರಜೆ ಸಿಗದೆ ನಾನೊಬ್ಬನೇ ಶನಿವಾರ ಸಂಜೆ ಹಾಸನದಿಂದ ಬಂದೆ. ಮಂಡಿಯ ತಂಡದವರು ಎಡೆ ಯಾವತ್ತೆಂದು ಕೇಳಿಕೊಂಡು ಅದೇ ಭಾನುವಾರ ಸಂಜೆಗೆ, ಮಾವ ಬಿದ್ದ ಮೈದಾನದಲ್ಲೇ, ಅವರ ನೆನಪಿನ ಪಂದ್ಯ ಇಟ್ಟುಕೊಂಡಿದ್ದರು. ಈಗ ಅವರಲ್ಲಿ ಹುಡುಗಿಯರ ತಂಡವೂ ಇದೆ, ಸಿಂಚನಾ ಅದರಲ್ಲಿ ಆಡುತ್ತಾಳೆ. ಮನೆಯವರೆಲ್ಲ ಬರಬೇಕೆಂದು ಕರೆದುಹೋಗಿದ್ದರು. ಆ ಮಣ್ಣು ಮೆಟ್ಟುವುದಿಲ್ಲ ಎಂದು ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಭಾನುವಾರ ಬೆಳಗಿನ ಜಾವ ನಾಲ್ಕು ಗಂಟೆಗೇ ಅಡುಗೆಮನೆಯಲ್ಲಿ ದೀಪ ಹತ್ತಿತು. ನಾನೂ ಎದ್ದು ತೆಂಗಿನಕಾಯಿ ತುರಿದೆ, ಬೇಳೆ ರುಬ್ಬಿದೆ. ಒಬ್ಬಟ್ಟು, ಕಜ್ಜಾಯ, ವಡೆ, ಚಿತ್ರಾನ್ನ, ಕಡ್ಲೆ ಹುಸಲಿ, ಒಬ್ಬಟ್ಟಿನ ಸಾರು, ಪಾಯಸ. ಇಷ್ಟೂ ಆದಮೇಲೆ ಅತ್ತೆ ಬಿಸಿಬೇಳೆಬಾತಿಗೂ ಇಟ್ಟರು. ಆ ಭಾನುವಾರ ಮಾವ ಬಿಟ್ಟು ಎದ್ದದ್ದು ಅದನ್ನೇ.

ಹನ್ನೆರಡೂವರೆಗೆ ಎಡೆ ತಯಾರಾಯಿತು. ನಡುಮನೆಯ ಪಕ್ಕದ ಕೋಣೆಯಲ್ಲಿ ಮಾವನ ಫೋಟೋ, ಅದರ ಪಕ್ಕಕ್ಕೆ ಅವರ ರೆಫರಿ ಬಾವುಟ. ಆ ಕೋಣೆಗೆ ಹೊಂದಿಕೊಂಡು ಒಂದು ಚಿಕ್ಕ ಉಗ್ರಾಣವಿದೆ. ಅದಕ್ಕೆ ಬೇರೆ ಬಾಗಿಲಿಲ್ಲ, ಈ ಕೋಣೆಯೊಳಗಿಂದಲೇ ಹೋಗಬೇಕು. ಟ್ರಂಕಿನಲ್ಲಿರುವ ಹೊಸ ಪಂಚೆ ತಂದಿಡು ಎಂದು ಅತ್ತೆ ನನಗೆ ಹೇಳಿದ್ದರು. ತಂದಿಟ್ಟೆ. ಟ್ರಂಕಿನ ಚಿಲಕ ಸರಿಯಾಗಿ ಕೂತಿರಲಿಲ್ಲವೆಂದು ಮತ್ತೆ ಉಗ್ರಾಣಕ್ಕೆ ಹೋಗಿ, ಅದನ್ನು ಒತ್ತಿ ಕೂರಿಸಿ, ಕಾಲು ಸೋತಿತ್ತೆಂದು ಅಕ್ಕಿಮೂಟೆಯ ಮೇಲೆ ಒಂದು ನಿಮಿಷ ಕೂತೆ. ಅಷ್ಟರಲ್ಲಿ ಧೂಪ ಹಾಕಿ ಎಲ್ಲರೂ ಹೊರಗೆ ಹೋಗಿದ್ದರು. ಶಿವು, ಲತಾ, ಸಿಂಚನಾ ಕಾಗೆಗೆ ಅನ್ನ ಇಡಲು ಮಹಡಿ ಹತ್ತಿದ್ದರು, ನಾನೂ ಅವರ ಜೊತೆ ಹೋದೆನೆಂದು ಅತ್ತೆ ತಿಳಿದುಕೊಂಡರು. ಹೊರಗಿನಿಂದ ಚಿಲಕ ಬಿದ್ದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಬಾಗಿಲು ಬಡಿಯಬಹುದಿತ್ತು. ಎರಡು ಹೆಜ್ಜೆ ಮುಂದೆ ಬಂದೆ ಕೂಡ. ಆದರೆ ಗಂಡನ ಮೊದಲ ಎಡೆ ಇಟ್ಟು ಬಾಗಿಲಾಚೆ ಕೂತಿರುವ ಹೆಂಗಸಿಗೆ ಒಳಗಿನಿಂದ ಬಾಗಿಲು ಬಡಿದ ಸದ್ದು ಕೇಳಿಸಿದರೆ ಏನಾಗಬಹುದು ಯೋಚಿಸಿ. ಅಲ್ಲದೆ ಎಡೆ ಕೆಟ್ಟಿತೆಂಬ ಕೊರಗು ಬೇರೆ ಸೇರಿಕೊಳ್ಳುತ್ತಿತ್ತು. ಹತ್ತು ನಿಮಿಷ ಸುಮ್ಮನಿದ್ದರೆ ತಾವೇ ತೆಗೆಯುತ್ತಾರೆ, ಆಗ ಮೆಲ್ಲಗೆ ನಕ್ಕು ಹೊರಗೆ ಹೋದರಾಯಿತು ಎಂದುಕೊಂಡು ಉಗ್ರಾಣದ ಹೊಸ್ತಿಲ ಮೇಲೆ ಗೋಡೆಗೊರಗಿ ಕೂತೆ.

ನನಗೆ ನೆನಪಿರುವುದು ಇಷ್ಟು. ದೀಪ ಉರಿಯುತ್ತಿತ್ತು. ಊದುಬತ್ತಿ ಆಗಷ್ಟೇ ಹಚ್ಚಿದ್ದು, ತುದಿ ಮಾತ್ರ ಬೂದಿಯಾಗಿತ್ತು. ಒಬ್ಬಟ್ಟಿನ ಮೇಲೆ ತುಪ್ಪ ಹೆಪ್ಪುಗಟ್ಟುತ್ತಿತ್ತು. ಇರುವೆ ಸಾಲೊಂದು ಗೋಡೆಯಿಂದಿಳಿದು ಪಾಯಸದ ಕಡೆಗೆ ಹೊರಟಿತ್ತು. ಅದನ್ನು ತಡೆಯಬೇಕೋ ಬೇಡವೋ, ಹಿರಿಯರ ಎಡೆಯಲ್ಲಿ ಇರುವೆಗೂ ಪಾಲಿದೆಯೋ ಎಂದು ಯೋಚಿಸಿದೆ. ಬೀದಿಯಲ್ಲಿ ಹಳೇ ಪೇಪರಿನವನು ಕೂಗುತ್ತಾ ಹೋದ. ಹೊಟ್ಟೆ ತಾಳ ಹಾಕುತ್ತಿತ್ತು, ವಡೆಯ ಮೇಲೆ ಕಣ್ಣು ಹೋದಾಗ ಮಾವನ ಫೋಟೋ ನೋಡಿ ನಾಚಿಕೆಯಾಯಿತು. ಅವರು ಎಂದಿನಂತೆ ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದರು, ಫೋಟೋ ತೆಗೆದವನ ಹಿಂದೆ ಯಾರೋ ಚೆಂಡು ತಂದಿದ್ದಾರೆ ಅನ್ನುವ ಹಾಗೆ. ಯಾರೂ ಬರಲಿಲ್ಲ. ಯಾವ ಸದ್ದೂ ಆಗಲಿಲ್ಲ. ತಣ್ಣನೆ ಗಾಳಿ ಬೀಸಲಿಲ್ಲ, ದೀಪ ಅಲುಗಲಿಲ್ಲ. ಆಮೇಲೆ ಚಿಲಕ ತೆಗೆದರು.

ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದರು. ಲತಾಳ ಮುಖ ಬಿಳಿಚಿಕೊಂಡಿತ್ತು, ಸಿಂಚನಾ ಅಮ್ಮನ ಸೆರಗು ಹಿಡಿದುಕೊಂಡಿದ್ದಳು. ನಾನು ತಪ್ಪಾಯಿತೆಂದು ಹೇಳಲು ಬಾಯಿ ತೆರೆದೆ. ಅತ್ತೆ ಮಾತ್ರ ನಾನು ಅಲ್ಲಿರುವುದು ಗೊತ್ತೇ ಇತ್ತು ಅನ್ನುವ ಹಾಗೆ ನೋಡಿ, ತಣ್ಣಗೆ ಕೇಳಿದರು.

"ಏನಂದ್ರೋ?"

"ಯಾರು ಅತ್ತೆ?"

"ನಿಮ್ಮಾವ. ಇಷ್ಟೊತ್ತೂ ಮಾತಾಡ್ತಿದ್ಯಲ್ಲೋ."

ನಾನು ಶಿವುವಿನ ಮುಖ ನೋಡಿದೆ. ಅವನು ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಟ್ಟಿ ಆಸಾಮಿ, ತಮಾಷೆಗೂ ಸುಳ್ಳು ಹೇಳುವವನಲ್ಲ. ಅವನು ಗಡಿಯಾರ ತೋರಿಸಿದ. ಬಾಗಿಲು ಮುಚ್ಚಿ ಮುಕ್ಕಾಲು ಗಂಟೆಯಾಗಿತ್ತು. ತಿರುಗಿ ನೋಡಿದರೆ ಊದುಬತ್ತಿ ಪೂರ್ತಿ ಉರಿದು ಕಡ್ಡಿ ಮಾತ್ರ ಉಳಿದಿತ್ತು.

ಆಮೇಲೆ ನಾನು ಮಾಡಿದ್ದು ನನ್ನ ಕಸುಬಿನ ಬುದ್ಧಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಊಟಕ್ಕೆ ಮೊದಲೇ ಒಬ್ಬೊಬ್ಬರನ್ನೂ ಬೇರೆ ಬೇರೆ ಕರೆದು, ಇನ್ನೊಬ್ಬರಿಗೆ ಕೇಳಿಸದ ಹಾಗೆ ವಿಚಾರಿಸಿದೆ. ಮೂವರು ಹೇಳಿದ್ದನ್ನೂ ಸೇರಿಸಿದರೆ ಹೀಗಾಗುತ್ತದೆ. ಮಹಡಿಯಿಂದ ಇಳಿದಾಗ ಅತ್ತೆ ಬಾಗಿಲಿಗೆ ಕಿವಿಯಿಟ್ಟು ಕೂತಿದ್ದರು. ಒಳಗಿನಿಂದ ನನ್ನ ದನಿ ಕೇಳಿಸುತ್ತಿತ್ತು. ನನ್ನ ದನಿ ಮಾತ್ರ, ಇನ್ನೊಂದಲ್ಲ. ಹೂಂ ಅನ್ನುವುದು, ತಡೆಯುವುದು, ಆಮೇಲೆ ಅನ್ನುವುದು, ಮತ್ತೆ ತಡೆಯುವುದು. ಒಳಗೆ ಸಿಕ್ಕಿಹಾಕಿಕೊಂಡು ಯಾರಿಗೋ ಫೋನು ಮಾಡುತ್ತಿದ್ದಾನೆಂದು ಶಿವು ಬಾಗಿಲು ತೆಗೆಯಲು ಹೋದ. ಆಗ ಲತಾ ಟೀವಿ ಸ್ಟ್ಯಾಂಡಿನ ಕಡೆ ಕೈ ತೋರಿಸಿದಳು. ನನ್ನ ಫೋನು ಅಲ್ಲಿ ಚಾರ್ಜಿಗೆ ಹಾಕಿತ್ತು. ಅತ್ತೆ ಶಿವುವಿನ ಕೈ ಹಿಡಿದುಕೊಂಡು, ಮುಗೀಲಿ ಬುಡು ಅಂದರಂತೆ. ಮಾತು ನಿಲ್ಲುವವರೆಗೂ ಎಲ್ಲರೂ ಹಾಗೇ ಕೂತಿದ್ದರು.

ಮಾತು ಪೂರ್ತಿ ಸ್ಪಷ್ಟವಿರಲಿಲ್ಲ. ಬಿಸಿಲಿಗೆ ನಿಲ್ಲಬಾರದಾಗಿತ್ತು ನೀವು ಎಂದು ನಾನು ಹೇಳಿದ್ದು ಮೂವರಿಗೂ ಕೇಳಿಸಿದೆ. ಇನ್ನೊಂದು ಮಾತೂ ಮೂವರಿಗೂ ಕೇಳಿಸಿದೆ, ಒಬ್ಬೊಬ್ಬರಿಗೆ ಒಂದೊಂದು ರೀತಿ. ಡಬ್ಬಿ ಅವರ ಹತ್ತಿರವೇ ಇದೆಯಾ ಎಂದು ಕೇಳಿದೆ ಎಂದು ಶಿವು ಹೇಳಿದ. ಡಬ್ಬಿ ಯಾಕೆ ಅವರ ಹತ್ತಿರ ಬಿಟ್ಟಿರಿ ಎಂದು ಲತಾ. ಡಬ್ಬಿ ಅವರ ಹತ್ತಿರವೇ ಉಳಿದುಹೋಯಿತಾ ಎಂದು ಸಿಂಚನಾ. ಮೂವರೂ ಅಕ್ಷರ ತಪ್ಪದೆ ಒಂದೇ ಮಾತು ಹೇಳಿದ್ದರೆ ಸೇರಿಕೊಂಡು ಕಟ್ಟಿದ ಕಥೆಯೆಂದು ನಾನು ಅಲ್ಲಿಗೇ ಕೈ ಬಿಡುತ್ತಿದ್ದೆ. ನಿಜವಾಗಿ ಕೇಳಿಸಿಕೊಂಡವರು ಹೀಗೇ ಸ್ವಲ್ಪ ಹೆಚ್ಚುಕಮ್ಮಿ ಹೇಳುತ್ತಾರೆ. ಅದೇ ನನ್ನನ್ನು ಕಂಗೆಡಿಸಿತು.

ಯಾವ ಡಬ್ಬಿ ಎಂದರೆ ಯಾರಿಗೂ ಗೊತ್ತಿರಲಿಲ್ಲ. ನನಗಂತೂ ಮೊದಲೇ ಗೊತ್ತಿಲ್ಲ. ಅತ್ತೆಯನ್ನೂ ಕೇಳಿದೆ. ನನಗೆ ಕೇಳಬೇಕಾದದ್ದು ಕೇಳಿಸಿತು ಎಂದಷ್ಟೇ ಹೇಳಿ ಎಲೆ ಹಾಕಲು ಹೋದರು.

ಊಟಕ್ಕೆ ಕೂತಾಗ ನಾನು ಎಲ್ಲರೆದುರು ನಿಜ ಹೇಳಿಬಿಟ್ಟೆ. ನಾನು ಮಾತಾಡಿದ್ದು ನನಗೆ ಗೊತ್ತಿಲ್ಲ, ಮಾವ ಬಂದದ್ದೂ ಗೊತ್ತಿಲ್ಲ, ಬೆಳಿಗ್ಗೆ ಬೇಗ ಎದ್ದಿದ್ದೆ, ಬಹುಶಃ ಕೂತಲ್ಲೇ ನಿದ್ದೆ ಹತ್ತಿ ಬಡಬಡಿಸಿರಬೇಕು ಎಂದೆ. ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು. ಮಾವನಿಗೆ ನಿಮ್ಮ ಮೇಲೆ ಕೋಪವಿಲ್ಲವಂತೆ ಅತ್ತೆ, ಎಂದರೆ ಸಾಕಿತ್ತು, ಆ ಜೀವ ತಣ್ಣಗಾಗುತ್ತಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು. ಹೇಳಲಾಗಲಿಲ್ಲ. ಅತ್ತೆ ನನ್ನ ಮಾತಿಗೆ ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿ, ತಾವು ಸಂಜೆ ಮೈದಾನಕ್ಕೆ ಬರುವುದಾಗಿ ಹೇಳಿದರು. ಶಿವು ತಿನ್ನುವುದು ನಿಲ್ಲಿಸಿ ಅಮ್ಮನನ್ನೇ ನೋಡಿದ.

ಎಡೆಯ ಅಡುಗೆಯಲ್ಲಿ ಉಳಿದದ್ದನ್ನೆಲ್ಲ ದೊಡ್ಡ ಪಾತ್ರೆಗಳಿಗೆ ತುಂಬಿಕೊಂಡು ನಾಲ್ಕು ಗಂಟೆಗೆ ಎರಡು ಆಟೋದಲ್ಲಿ ಹೊರಟೆವು. ಹುಡುಗಿಯರ ಪಂದ್ಯ ಆಗಲೇ ಶುರುವಾಗುವುದರಲ್ಲಿತ್ತು, ಸಿಂಚನಾ ಆಟೋದಿಂದ ಹಾರಿ ಶೂ ಕಟ್ಟಿಕೊಳ್ಳುತ್ತಲೇ ಓಡಿದಳು. ಅತ್ತೆ ಮೈದಾನದ ಅಂಚಿನಲ್ಲಿ ಒಂದು ಕ್ಷಣ ನಿಂತು, ಚಪ್ಪಲಿ ಬಿಟ್ಟು ಒಳಗೆ ಬಂದರು. ಕೂತ ಮೇಲೆ ಮಾವ ಬಿದ್ದ ಜಾಗ ಯಾವುದೆಂದು ಕೇಳಿದರು. ಶಿವು ತೋರಿಸಿದ. ಅಲ್ಲಿ ಒಬ್ಬ ಹುಡುಗಿ ಥ್ರೋ ಹಾಕಲು ಚೆಂಡು ಎತ್ತಿ ನಿಂತಿದ್ದಳು.

ಮೊದಲರ್ಧದಲ್ಲಿ ಎದುರಾಳಿಗಳು ಒಂದು ಗೋಲು ಹೊಡೆದರು. ಸಿಂಚನಾ ಒಂದು ಹೊಡೆದಳು, ಅದನ್ನು ಆಫ್‌ಸೈಡ್ ಎಂದು ರದ್ದು ಮಾಡಿದರು. ಯಾಕೆಂದು ನನಗೆ ತಿಳಿಯಲಿಲ್ಲ. ಅತ್ತೆಗೆ ತಿಳಿಯಿತು. ಒಂದು ಹೆಜ್ಜೆ ಮುಂದಿದ್ದಳು ಕಣೋ, ಎಂದು ನನಗೆ ವಿವರಿಸಿದರು. ನಲವತ್ತು ವರ್ಷ ಬೈದುಕೊಂಡೇ ಎಲ್ಲ ಕಲಿತಿದ್ದಾರೆ ಎಂದು ಆಗ ಗೊತ್ತಾಯಿತು.

ಅರ್ಧವಿರಾಮದಲ್ಲಿ ಅತ್ತೆ ಎದ್ದು ಹುಡುಗಿಯರಿಗೆಲ್ಲ ವಡೆ, ಒಬ್ಬಟ್ಟು ಹಂಚಿದರು. ಹಂಚುತ್ತಾ ತಂಡದ ಹಿರಿಯರಾದ ರಫೀಕ್ ಸಾಹೇಬರ ಹತ್ತಿರ ಬಂದರು. ಮಂಡಿಯಲ್ಲಿ ಹಗ್ಗದ ಅಂಗಡಿ ಇಟ್ಟಿರುವ ಇವರು ಮಾವನ ಹಳೆಯ ಸ್ನೇಹಿತರು, ಮೈದಾನದಲ್ಲಿ ಯಾವಾಗಲೂ ಮಾವನ ಜೊತೆಗೇ ಇರುತ್ತಿದ್ದವರು. ಸಾವಿನ ದಿನ ಬಿಟ್ಟರೆ ಮತ್ತೆ ಮನೆ ಕಡೆ ಬಂದಿರಲಿಲ್ಲ, ಅದು ಅತ್ತೆಗೆ ಸ್ವಲ್ಪ ಬೇಸರವೂ ಆಗಿತ್ತು. ಅತ್ತೆ ಅವರ ಕೈಗೆ ವಡೆ ಕೊಟ್ಟು ನೇರವಾಗಿ ಕೇಳಿದರು.

"ಡಬ್ಬಿ ನಿಮ್ಮತ್ರ ಇದ್ಯಾ ಸಾಹೇಬ್ರೆ?"

ಸಾಹೇಬರು ವಡೆ ಹಿಡಿದ ಕೈ ಹಾಗೇ ನಿಲ್ಲಿಸಿದರು. ತಮ್ಮ ಸ್ಕೂಟರಿನ ಹತ್ತಿರ ಹೋಗಿ, ಸೀಟಿನ ಕೆಳಗಿನಿಂದ ಒಂದು ಬಟ್ಟೆಯ ಗಂಟು ತಂದರು. ಬಿಚ್ಚಿದರೆ ಸ್ಟೀಲಿನ ಡಬ್ಬಿ. ಮುಚ್ಚಳದ ಮೇಲೆ ಅತ್ತೆಯ ಹೆಸರು ಕೊರೆಸಿದ್ದು ಕಾಣುತ್ತಿತ್ತು.

ಅವರು ಹೇಳಿದ್ದನ್ನು ಚುಟುಕಾಗಿ ಬರೆಯುತ್ತೇನೆ. ಆ ಭಾನುವಾರ ಮಾವ ಮೈದಾನಕ್ಕೆ ಬಂದಾಗ ಕೈಯಲ್ಲಿ ಈ ಡಬ್ಬಿಯಿತ್ತು. ಅತ್ತೆ ಹಿತ್ತಲಿಗೆ ಹೋದಾಗ ಮಾವ ಅಡುಗೆಮನೆಗೆ ನುಗ್ಗಿ ಕುಕ್ಕರಿನಿಂದ ಬಿಸಿಬೇಳೆಬಾತ್ ತುಂಬಿಕೊಂಡು ಬಂದಿದ್ದರು. ಪಂದ್ಯಕ್ಕೆ ಮುಂಚೆ ಇಬ್ಬರೂ ಮರದ ಕೆಳಗೆ ಕೂತು ಅರ್ಧರ್ಧ ತಿಂದರು. ಡಬ್ಬಿ ಸಾಹೇಬರ ಸ್ಕೂಟರಿನಲ್ಲಿ ಉಳಿಯಿತು. ವಾಪಸು ಕೊಡಬೇಕೆಂದು ಎಷ್ಟೋ ಸಲ ಹೊರಟಿದ್ದರು. ಆದರೆ ಊಟ ಬಂದ ಡಬ್ಬಿಯನ್ನು ಖಾಲಿ ಕೊಡಬಾರದು. ಸಾವಾದ ಮನೆ, ಸಿಹಿ ತುಂಬಿಸುವ ಹಾಗಿಲ್ಲ. ತಮ್ಮ ಮನೆಯಲ್ಲಿ ಬೇಯಿಸಿದ್ದನ್ನು ಗೌರಮ್ಮನವರ ಅಡುಗೆಮನೆಗೆ ಕೊಡಬಹುದೋ ಇಲ್ಲವೋ ಗೊತ್ತಿಲ್ಲ. ಹಣ್ಣು ಡಬ್ಬಿಯಲ್ಲಿ ಹಿಡಿಯುವುದಿಲ್ಲ. ಇವತ್ತು ನಾಳೆ ಎಂದು ತಿಂಗಳು ಕಳೆದವು. ಇಷ್ಟು ದಿನ ಇಟ್ಟುಕೊಂಡೆನಲ್ಲ ಎಂಬ ನಾಚಿಕೆಗೆ ಮನೆ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಮನೆಯಲ್ಲಿ ಡಬ್ಬಿ ಕಾಣದಿದ್ದರೂ ಯಾರೂ ಹುಡುಕಿರಲಿಲ್ಲ. ಸಾವಿನ ಮನೆಯಲ್ಲಿ ನೆರೆಯವರೇ ಪಾತ್ರೆ ತೊಳೆದಿಡುತ್ತಾರೆ, ಒಂದೆರಡು ಎಲ್ಲೋ ಹೋಗುವುದು ಮಾಮೂಲು.

ಅತ್ತೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತರು.

"ಕ್ವಾಪದಲ್ಲಿದ್ರಾ?" ಎಂದು ಕೇಳಿದರು.

"ಎಲ್ಲಿ ಕೋಪ ಅಕ್ಕ? ನಗ್ತಾ ಇದ್ರು. ನಮ್ಮನೇಲೇ ಕಳ್ಳತನ ಮಾಡ್ಕೊಂಡು ಬಂದಿದೀನಿ ಸಾಹೇಬ್ರೆ, ಉಪ್ಪು ಮಾತ್ರ ಹಾಕೋದು ಮರ್ತಿದಾಳೆ ಅಂದ್ರು."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಏಳು ತಿಂಗಳಲ್ಲಿ ಅವರು ಹೀಗೆ ಬಿಕ್ಕಿ ಬಿಕ್ಕಿ ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಅಳು ನಿಂತ ಮೇಲೆ, ಹೌದು, ಅವತ್ತು ಉಪ್ಪು ಹಾಕಿರಲಿಲ್ಲ ಅಂದರು. ಆಮೇಲೆ ಆ ಡಬ್ಬಿಗೆ ಬಿಸಿಬೇಳೆಬಾತ್ ತುಂಬಿ, ಮನೆಯವರಿಗೆ ಕೊಡಿ ಎಂದು ಸಾಹೇಬರ ಕೈಗೇ ವಾಪಸು ಕೊಟ್ಟರು. ತಾವೂ ಕಾಗದದ ತಟ್ಟೆಯಲ್ಲಿ ಹಾಕಿಕೊಂಡು ತಿಂದರು. ಲತಾ ನನ್ನ ಕೈ ಜಿಗುಟಿ ತೋರಿಸಿದಳು, ಎರಡನೇ ಸಲ ಹಾಕಿಕೊಳ್ಳುತ್ತಿದ್ದರು. ಪಂದ್ಯವನ್ನು ನಮ್ಮ ಹುಡುಗಿಯರು ಒಂದಕ್ಕೆ ಎರಡರಿಂದ ಸೋತರು, ಅದರ ಬಗ್ಗೆ ಯಾರಿಗೂ ದುಃಖವಿದ್ದ ಹಾಗೆ ಕಾಣಲಿಲ್ಲ, ಸಿಂಚನಾಳನ್ನು ಬಿಟ್ಟು.

ವಾಪಸು ಬರುವಾಗ ಆಟೋದಲ್ಲಿ ನನ್ನ ತಲೆ ಗಿರ್ರೆನ್ನುತ್ತಿತ್ತು. ನಿದ್ದೆಯಲ್ಲಿ ಬಡಬಡಿಸಿದೆ ಎಂದೇ ಇಟ್ಟುಕೊಳ್ಳೋಣ. ಹದಿನೆಂಟು ವರ್ಷ ಸಂಸಾರ ಮಾಡಿದ ಹೆಂಡತಿ ನಾನು ಗೊರಕೆ ಹೊಡೆಯುತ್ತೇನೆ ಎಂದಿದ್ದಾಳೆಯೇ ಹೊರತು ಮಾತಾಡುತ್ತೇನೆ ಎಂದದ್ದಿಲ್ಲ, ಆದರೂ ಇರಲಿ. ಆದರೆ ಡಬ್ಬಿಯ ವಿಷಯ ನನಗೆ ಹೇಗೆ ಗೊತ್ತಾಯಿತು? ಸಾಹೇಬರನ್ನು ನಾನು ಸಾವಿನ ದಿನ ದೂರದಿಂದ ನೋಡಿದ್ದೆನಷ್ಟೇ, ಮಾತಾಡಿರಲಿಲ್ಲ. ಅವರು ಡಬ್ಬಿಯ ಮಾತನ್ನು ಹೆಂಡತಿಗೆ ಬಿಟ್ಟು ಬೇರೆಯವರಿಗೆ ಹೇಳಿಯೇ ಇಲ್ಲವಂತೆ. ಇನ್ನು ಉಳಿದದ್ದು ಒಂದೇ ದಾರಿ. ಆ ದಾರಿಯಲ್ಲಿ ನೋಡಲು ನನಗೆ ಏಳು ತಿಂಗಳಿಂದ ಧೈರ್ಯವಿರಲಿಲ್ಲ.

ಯಾರಿಗೂ ಹೇಳದಿದ್ದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಆ ಭಾನುವಾರ ಮಧ್ಯಾಹ್ನ ಮೈದಾನದಿಂದ ಮಾವ ನನಗೆ ಫೋನು ಮಾಡಿದ್ದರು. ಪುರುಸೊತ್ತಿದೆಯೇನಪ್ಪಾ ಎಂದು ಕೇಳಿದರು. ನಾನು ಹೆದ್ದಾರಿಯಲ್ಲಿ ಮಗುಚಿದ ಒಂದು ಕಾರಿನ ಮುಂದೆ ನಿಂತಿದ್ದೆ, ಬಿಸಿಲು, ಸುತ್ತ ಜಗಳ. ಇಲ್ಲ ಮಾವ, ಆಮೇಲೆ ಮಾಡ್ತೀನಿ ಎಂದು ಕಟ್ ಮಾಡಿದೆ. ಒಟ್ಟು ಹದಿನಾಲ್ಕು ಸೆಕೆಂಡಿನ ಕರೆ. ಆಮೇಲೆ ಮಾಡಲಿಲ್ಲ, ಮರೆತೆ. ಮತ್ತೆ ಫೋನು ಬಂದದ್ದು ಶಿವುವಿನಿಂದ. ಅವರು ಡಬ್ಬಿಯ ಕಥೆ ಹೇಳಿ ನಗಲು ಮಾಡಿದ್ದರೋ, ನಿಮ್ಮತ್ತೆಗೆ ಸಮಾಧಾನ ಹೇಳು ಅನ್ನಲು ಮಾಡಿದ್ದರೋ, ಎದೆ ನೋಯುತ್ತಿದೆ ಅನ್ನಲು ಮಾಡಿದ್ದರೋ ನನಗೆ ಗೊತ್ತಿಲ್ಲ. ಆ ಹದಿನಾಲ್ಕು ಸೆಕೆಂಡನ್ನು ಎಷ್ಟು ಸಲ ತಿರುವಿ ಹಾಕಿದರೂ ಅದರಲ್ಲಿ ಡಬ್ಬಿ ಎಂಬ ಪದವಿಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ನನ್ನ ಬಸ್ಸಿಗೆ ಇನ್ನೂ ಸಮಯವಿತ್ತು. ಎಡೆಗಿಟ್ಟ ಹೊಸ ಬಟ್ಟೆಯನ್ನು ಆಮೇಲೆ ಮನೆಯ ಗಂಡಸರು ಯಾರಾದರೂ ಉಡುವುದು ಪದ್ಧತಿ. ಶಿವು ಪ್ಯಾಂಟು ಬಿಟ್ಟು ಬೇರೆ ಹಾಕುವವನಲ್ಲ, ಹಾಗಾಗಿ ಅತ್ತೆ ಆ ಪಂಚೆಯನ್ನು ನನ್ನ ಬ್ಯಾಗಿಗೆ ಹಾಕಲು ಮಡಿಸುತ್ತಾ ಕೂತಿದ್ದರು. ಉಳಿದವರು ಒಳಗಿದ್ದರು. ನಾನು ಅವರ ಪಕ್ಕ ಕೂತು, ತಲೆ ತಗ್ಗಿಸಿಕೊಂಡು, ಫೋನಿನ ವಿಷಯವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಬೈಯಲಿ ಎಂದೇ ನಾನು ಕಾಯುತ್ತಿದ್ದೆ.

ಅತ್ತೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣೋ," ಅಂದರು. "ಒಳಗೆ ನೀನು ಮೊದ್ಲು ಆಡಿದ ಮಾತೇ ಅದು. ಅವತ್ತು ಫೋನ್ ಕಟ್ ಮಾಡ್ಬುಟ್ಟೆ ಮಾವ, ತಪ್ಪಾಯ್ತು ಅಂದೆ. ಆಗಿನ್ನೂ ಅವ್ರೆಲ್ಲ ಮಹಡಿ ಮೇಲಿದ್ರು. ನಾನೊಬ್ಳೇ ಕೇಳಿಸ್ಕೊಂಡಿದ್ದು. ಯಾರ್ಗೂ ಹೇಳಿಲ್ಲ, ಹೇಳೋದೂ ಇಲ್ಲ."

ಆಮೇಲೆ ನಾನು ಕೇಳಿದ ಪ್ರಶ್ನೆ ನನ್ನ ಬಾಯಿಂದ ಬಂದದ್ದೆಂದು ನನ್ನನ್ನು ಬಲ್ಲವರು ನಂಬಲಾರರು. ಎಲ್ಲಿ ನಿಂತಿದ್ದಿರಿ, ಎಷ್ಟು ದೂರ, ಎಷ್ಟು ಸ್ಪಷ್ಟ ಎಂದು ನಾನು ಕೇಳಲಿಲ್ಲ.

"ಅದಕ್ಕೆ ಮಾವ ಏನಂದ್ರು ಅತ್ತೆ?"

"ಅವ್ರ ಮಾತು ನಮಗೆಲ್ಲಿ ಕೇಳ್ಸುತ್ತೋ? ನಿನ್ನ ಮಾತಷ್ಟೇ ಕೇಳಿಸಿದ್ದು." ಅತ್ತೆ ಪಂಚೆಯನ್ನು ಬ್ಯಾಗಿನೊಳಗಿಟ್ಟು ಜಿಪ್ಪು ಎಳೆದರು. "ಆದ್ರೆ ಸ್ವಲ್ಪ ಹೊತ್ತು ತಡೆದು ನೀನು ನಕ್ಕೆ. ಚಿಕ್ಕವನಿದ್ದಾಗ ನಿಮ್ಮಾವ ಸೈಕಲ್ ಬುಟ್ಬುಟ್ಟಾಗ ನಗ್ತಿದ್ಯಲ್ಲ, ಅಂಗೆ."

ಅದಾದ ಮೇಲೆ ಪ್ರತಿ ವರ್ಷ ಎಡೆಗೆ ಹೋಗುತ್ತಿದ್ದೇನೆ. ಅತ್ತೆ ಈಗ ಮಧ್ಯಾಹ್ನ ಹೊಟ್ಟೆ ತುಂಬ ಉಣ್ಣುತ್ತಾರೆ. ಅವರ ಒಪ್ಪಿಗೆ ಪಡೆದು ಎರಡು ಸಲ ನಾನು ಬೇಕೆಂದೇ ಉಗ್ರಾಣದ ಹೊಸ್ತಿಲ ಮೇಲೆ ಕೂತೆ, ನಿದ್ದೆ ಬರದಿರಲೆಂದು ಕಾಫಿ ಕುಡಿದು, ಮಾತು ಹಿಡಿದುಕೊಳ್ಳಲೆಂದು ಫೋನನ್ನು ಜೊತೆಗಿಟ್ಟುಕೊಂಡು. ಹೊರಗಿದ್ದವರಿಗೆ ಏನೂ ಕೇಳಿಸಲಿಲ್ಲ, ಫೋನಿನಲ್ಲಿ ಬೀದಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಿದ್ದೆಯಲ್ಲಿ ಮಾತಾಡುವವರು ನಗುವುದೂ ಉಂಟು ಎಂದು ಪರಿಚಯದ ಡಾಕ್ಟರೊಬ್ಬರು ಹೇಳಿದರು, ಇರಬಹುದು. ಮನೆಯವರಿಗೆಲ್ಲ ನನ್ನ ಮಾತು ಕೇಳಿಸಿತು, ಅತ್ತೆಗೆ ನನ್ನ ನಗುವೂ ಕೇಳಿಸಿತು. ಮಾವ ಏನು ಹೇಳಿದ್ದಕ್ಕೆ ನಾನು ಹಾಗೆ ನಕ್ಕೆ ಎಂದು ಎಷ್ಟು ನೆನಪಿಸಿಕೊಂಡರೂ ನನಗೆ ನೆನಪಾಗುವುದಿಲ್ಲ.